ಕೈ ಎತ್ತಿದವರೆಲ್ಲ ಬಸ್ಸಿಗೆ ಕಾದವರಲ್ಲ

ಮನುಷ್ಯನಿಗೆ ತಾನು ಮಾಡುವ ಕಸುಬಿನಿಂದ ಸ್ವಂತಕ್ಕೆ ಉಪಯೋಗ ಆಗುವುದು ಬಹಳ ಅಪರೂಪ ಎಂದು ನಾನು ನಂಬಿದ್ದೇನೆ. ನಮ್ಮ ಬೀದಿಯ ದರ್ಜಿಯ ಅಂಗಿಗೆ ಯಾವತ್ತೂ ಒಂದು ಗುಂಡಿ ಕಡಿಮೆ. ನನ್ನ ಹಲ್ಲಿನ ಡಾಕ್ಟರು ಊಟ ಮಾಡುವಾಗ ಎಡದವಡೆಯಲ್ಲಿ ಮಾತ್ರ ಅಗಿಯುವುದನ್ನು ನಾನೇ ಮದುವೆ ಮನೆಯೊಂದರಲ್ಲಿ ಕಣ್ಣಾರೆ ನೋಡಿದ್ದೇನೆ. ಇನ್ನು ನನ್ನ ವಿಷಯ. ನಾನು ಮಳವಳ್ಳಿಯ ಕೋರ್ಟಿನಲ್ಲಿ ವಕೀಲ. ಅಣ್ಣತಮ್ಮಂದಿರ ಪಾಲು, ಬದುವಿನ ಜಗಳ, ಅದಕ್ಕಿಂತ ಹೆಚ್ಚಾಗಿ ದಾರಿಯ ತಕರಾರು, ಇವೇ ನನ್ನ ಅನ್ನ. ಪಕ್ಕದ ಹೊಲದವನು ಬೇಲಿ ಹಾಕಿಬಿಟ್ಟ, ಗಾಡಿ ಹೋಗಲು ಜಾಗ ಬಿಡುತ್ತಿಲ್ಲ ಎಂದು ಅಳುತ್ತ ಬಂದವರಿಗೆಲ್ಲ ನಾನು ದಾರಿ ಕೊಡಿಸಿದ್ದೇನೆ. ಎತ್ತಿಗೆ ದಾರಿ ಕೊಡಿಸಿದ್ದೇನೆ, ಟ್ರ್ಯಾಕ್ಟರಿಗೆ ದಾರಿ ಕೊಡಿಸಿದ್ದೇನೆ, ಒಮ್ಮೆ ಕುರಿಮಂದೆಗೂ ಕೊಡಿಸಿದ್ದೇನೆ. ಆದರೆ ನನ್ನ ಮನೆ ಮುಂದಿನ ರಸ್ತೆಯನ್ನು ದಾಟಿ ಎದುರು ಮನೆಗೆ ಹೋಗಲು ನನಗೇ ದಾರಿ ಇರಲಿಲ್ಲ.

ಎದುರು ಮನೆಗೆ ಯಾಕೆ ಹೋಗಬೇಕು ಎಂದು ನೀವು ಕೇಳಬಹುದು. ಹೆಪ್ಪಿಗೆ. ಹಾಲಿಗೆ ಹಾಕಿ ಮೊಸರು ಮಾಡುವ ಒಂದೇ ಒಂದು ಚಮಚ ಹೆಪ್ಪಿಗೆ. ನಮ್ಮವ್ವನ ಪ್ರಕಾರ ಮೊಸರು ಎಂದರೆ ಎದುರು ಮನೆಯ ಚಿಕ್ಕತಾಯಮ್ಮನ ಹೆಪ್ಪಿನಿಂದ ಆದದ್ದು. ಉಳಿದದ್ದೆಲ್ಲ ಹಾಲು ಕೆಟ್ಟದ್ದು. ಅಂಗಡಿಯ ಪೊಟ್ಟಣದ ಮೊಸರು ತಂದರೆ, "ಇದ್ನ ಯಾರು ಎಪ್ಪಾಕಿದ್ರೋ, ಯಾವ್ ಕೈಯೋ, ನಂಗ್ ಬ್ಯಾಡ ಬುಡು" ಎನ್ನುತ್ತಾಳೆ. ನಿನ್ನೆಯ ನಮ್ಮ ಮನೆಯ ಮೊಸರನ್ನೇ ಒಂದು ಚಮಚ ಎತ್ತಿಟ್ಟುಕೊಂಡರೆ ಆಗುವುದಿಲ್ಲವೇ ಎಂದು ನಾನೊಮ್ಮೆ ಕಾನೂನುಬದ್ಧವಾಗಿ ವಾದಿಸಿದೆ. "ಅದು ನಮ್ ಮೊಸ್ರು ಕಣಪ್ಪ, ಅವಳ ಮೊಸ್ರಲ್ಲ" ಎಂದಳು. ನನ್ನ ಅರ್ಜಿ ಅಲ್ಲಿಗೇ ವಜಾ ಆಯಿತು.

ನಿಜ ಸಂಗತಿ ಹೆಪ್ಪಿನದಲ್ಲ, ನನಗೂ ಗೊತ್ತಿತ್ತು. ಅವ್ವ ಹೊಳಲಿನಿಂದ ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಚಿಕ್ಕತಾಯಮ್ಮನೇ ಅವಳ ಜೊತೆಗಾತಿ. ರಸ್ತೆ ಇನ್ನೂ ಸಣ್ಣದಿದ್ದ ಕಾಲದಲ್ಲಿ ಸಾಯಂಕಾಲ ಬಟ್ಟಲು ಹಿಡಿದು ಹೋದರೆ, ಒಂದು ಚಮಚ ಹೆಪ್ಪಿಗೆ ಊರಿನ ಸುದ್ದಿಯೆಲ್ಲ ಮುಗಿಯುವ ತನಕ ಅವ್ವ ವಾಪಸು ಬರುತ್ತಿರಲಿಲ್ಲ. ಆಮೇಲೆ ಮದ್ದೂರು ರಸ್ತೆ ಅಗಲವಾಯಿತು. ಒಳ್ಳೆಯದೇ ಆಯಿತು ಅನ್ನಿ, ಮೈ ಮೇಲೆ ಧೂಳು ಬೀಳುವುದು ತಪ್ಪಿತು. ಆದರೆ ನುಣ್ಣಗಿನ ರಸ್ತೆ ಕಂಡರೆ ನಮ್ಮ ಕಡೆಯ ಖಾಸಗಿ ಬಸ್ಸಿನವರಿಗೆ ಮೈಮೇಲೆ ಏನೋ ಬಂದಂತಾಗುತ್ತದೆ. ಅವ್ವನಿಗೆ ಮಂಡಿ ನೋವು, ಚಿಕ್ಕತಾಯಮ್ಮನಿಗೆ ಅದಕ್ಕಿಂತ ಜಾಸ್ತಿ, ಅವರು ಜಗಲಿ ಇಳಿಯುವುದನ್ನೇ ಬಿಟ್ಟಿದ್ದರು. ಹೀಗಾಗಿ ಇವಳು ಈ ಜಗಲಿಯಲ್ಲಿ, ಅವರು ಆ ಜಗಲಿಯಲ್ಲಿ ಕುಳಿತು ಬಸ್ಸು ಬಸ್ಸುಗಳ ಸಂದಿಯಲ್ಲಿ ಒಬ್ಬರಿಗೊಬ್ಬರು ಕೈ ಬೀಸುತ್ತಿದ್ದರು. ಫೋನು ಮಾಡಿಕೊಟ್ಟರೆ ಇಬ್ಬರೂ ಒಟ್ಟಿಗೇ ಮಾತಾಡುತ್ತಿದ್ದರು, ಕೇಳಿಸಿಕೊಳ್ಳುವವರು ಯಾರೂ ಇರುತ್ತಿರಲಿಲ್ಲ. ಸ್ಕೂಟರಿನಲ್ಲಿ ಕರೆದುಕೊಂಡು ಹೋಗುತ್ತೇನೆ ಬಾ ಎಂದರೆ ಅವ್ವನಿಗೆ ಸಿಟ್ಟು. "ಎದುರ್ ಮನೆಗೆ ಗಾಡಿ ಅತ್ಕಂಡ್ ಓಗಾಕೆ ನಾನೇನು ನೆಂಟ್ರವಳಾ? ನನ್ ಕಾಲಲ್ಲೇ ಓಗ್ಬೇಕು, ಅವಳ ಜಗಲಿ ಮ್ಯಾಲೆ ಕುಂತ್ಕಂಡು ಒಂದ್ ಎಲೆ ಅಡ್ಕೆ ಆಕ್ಬೇಕು. ಅಷ್ಟೇಯ ಕಣಪ್ಪ ನಂಗಿರೋದು."

ಅದು ಆಗುವವರೆಗೆ ಎಂದು ಬಟ್ಟಲು ನನ್ನ ಕೈಗೆ ಬಂತು. ಅದಕ್ಕೂ ಹೊತ್ತುಗೊತ್ತು ಇದೆ. ದೀಪ ಹಚ್ಚಿದ ಮೇಲೆ ನಮ್ಮಲ್ಲಿ ಯಾರೂ ಮನೆಯಿಂದ ಹೆಪ್ಪು ಹೊರಗೆ ಕೊಡುವುದಿಲ್ಲ. ನಾನು ಕೋರ್ಟು ಮುಗಿಸಿ ಬರುವುದಕ್ಕೂ ಚಿಕ್ಕತಾಯಮ್ಮ ದೀಪ ಹಚ್ಚುವುದಕ್ಕೂ ನಡುವೆ ಇರುವ ಆ ಚೂರು ಹೊತ್ತಿನಲ್ಲೇ ಶಾಲೆಯ ವ್ಯಾನುಗಳು, ಕಬ್ಬಿನ ಟ್ರ್ಯಾಕ್ಟರುಗಳು, ಮಂಡ್ಯದ ಬಸ್ಸು, ಮದ್ದೂರಿನ ಬಸ್ಸು ಎಲ್ಲವೂ ನಮ್ಮ ಮನೆಯ ಮುಂದೆಯೇ ಹಾಯಬೇಕು. ಕರಿಕೋಟು ಹಾಕಿಕೊಂಡು, ಕೈಯಲ್ಲಿ ಸ್ಟೀಲಿನ ಬಟ್ಟಲು ಹಿಡಿದು, ಒಂದು ಕಾಲು ರಸ್ತೆಗೆ ಇಡುವುದು, ಹಾರ್ನ್ ಕೇಳಿ ಹಿಂದಕ್ಕೆ ತೆಗೆಯುವುದು, ಮತ್ತೆ ಇಡುವುದು. ನನ್ನ ಕಕ್ಷಿದಾರರೇ ಬಸ್ಸಿನ ಕಿಟಕಿಯಿಂದ ಇದನ್ನು ನೋಡಿಕೊಂಡು ಹೋಗುತ್ತಿದ್ದರು. ಮರುದಿನ ಕೋರ್ಟಿನಲ್ಲಿ ನಾನು ಎಷ್ಟು ಎತ್ತರದ ದನಿಯಲ್ಲಿ ವಾದ ಮಾಡಿದರೂ ಅವರ ಮುಖದಲ್ಲಿ ಮೊದಲಿನ ಭಯಭಕ್ತಿ ಕಾಣುತ್ತಿರಲಿಲ್ಲ.

ಹೀಗಿರುವಾಗ ಒಂದು ಶನಿವಾರ, ಕೋರ್ಟಿನಲ್ಲಿ ಕೆಲಸವಿಲ್ಲದೆ, ಪುಸ್ತಕದ ಬೀರುವಿನ ಮುಂದೆ ನಿಂತಿದ್ದವನಿಗೆ ಯಾಕೋ ದಾರಿಯಲ್ಲಿ ನಡೆಯುವವನಿಗೆ ಏನಾದರೂ ಹಕ್ಕು ಇದೆಯೇ ನೋಡೋಣ ಅನ್ನಿಸಿತು. ತೆಗೆದೆ. ಓದಿದೆ. ಕುಳಿತುಕೊಂಡೆ. ಮತ್ತೆ ಓದಿದೆ. ಇದೆ! ಒಂದಲ್ಲ, ಬೇಕಾದಷ್ಟಿದೆ! ಜನ ದಾಟಲೆಂದು ಬರೆದ ಬಿಳಿ ಪಟ್ಟೆಯ ಮೇಲೆ ಕಾಲಿಟ್ಟವನಿಗೆ ಗಾಡಿಯವನು ನಿಂತು ದಾರಿ ಬಿಡಬೇಕು. ರಸ್ತೆಯ ಅಂಚು ನಡೆಯುವವರದು, ಅದರ ಮೇಲೆ ಸಾಮಾನು ಹರಡಿದರೆ ತೆಗೆಸುವ ಅಧಿಕಾರ ಪುರಸಭೆಗೆ ಇದೆ. ಕ್ಷೇಮವಾಗಿ ನಡೆದುಹೋಗುವುದು ಬದುಕುವ ಹಕ್ಕಿಗೇ ಸೇರಿದ್ದು ಎಂದು ದೆಹಲಿಯ ದೊಡ್ಡ ನ್ಯಾಯಾಲಯವೇ ಹೇಳಿಬಿಟ್ಟಿದೆ. ಇಷ್ಟು ವರ್ಷ ಎತ್ತಿನ ಗಾಡಿಯ ದಾರಿಗೆ ಹೋರಾಡಿದವನು ನಾನು, ಎರಡು ಕಾಲಿನ ಪ್ರಾಣಿಯ ದಾರಿಯ ಬಗ್ಗೆ ಪುಟ ತಿರುವಿ ನೋಡಿರಲಿಲ್ಲ. ನನಗಾದ ಸಂತೋಷವನ್ನು ಏನು ಹೇಳಲಿ! ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಓಡಿದೆ. "ಅವ್ವಾ, ಈ ರಸ್ತೆ ನಿನ್ನದು! ನೀನು ಪಾದಚಾರಿ!" ಎಂದೆ.

ಅವ್ವ ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತಿ ನೋಡಿದಳು. "ಆಚಾರಿ ಯಾಕಪ್ಪ ಆಗ್ಲಿ ನಾನು? ನಮ್ ಮನೇಲಿ ಯಾರ್ ಉಳಿ ಸುತ್ಗೆ ಇಡ್ದಿದ್ರು?"

ನಮ್ಮ ವಾರ್ಡಿನ ಸದಸ್ಯೆ ಮಂಗಳಮ್ಮ ಒಳ್ಳೆಯ ಹೆಂಗಸು. ನಾನು ಹೋಗಿ ಅರ್ಧ ಮಾತು ಹೇಳುವಷ್ಟರಲ್ಲಿ, "ಅಯ್ಯೋ ಸಾರ್, ನಮ್ ಅತ್ತೇನೂ ತರಕಾರಿ ತರಾಕೆ ಓಗಿ ಆ ಕಡೇಲೇ ನಿಂತ್ಕಬುಡ್ತಾರೆ, ನಾನ್ ಓಗಿ ಕರ್ಕಬರ್ಬೇಕು" ಎಂದು ತಾವೇ ಮುಂದಾದರು. ಸಭೆಯಲ್ಲಿ ಠರಾವು ಆಯಿತು, ಪೊಲೀಸಿನವರು ಒಪ್ಪಿದರು, ಒಂದು ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಬಾಗಿಲಿಗೆ ನೇರವಾಗಿ ಹಾಲಿನಂಥ ಬಿಳಿ ಪಟ್ಟೆಗಳು ಬಿದ್ದವು. ಬಣ್ಣ ಹಾಕುವವರಿಗೆ ಕಾಫಿ ಕೊಟ್ಟವನು ನಾನೇ. ಒಂದು ಬೋರ್ಡೂ ಬಂತು. ಅದರಲ್ಲಿ ಬರೆದವನು ಒಂದು ದೀರ್ಘ ಹೆಚ್ಚಿಗೆ ಹಾಕಿ 'ಪಾದಾಚಾರಿಗಳು ದಾಟುವ ಸ್ಥಳ' ಎಂದು ಮಾಡಿದ್ದ. ಬಾಗಿಲು ಕಿಟಕಿ ಮಾಡುವ ನಮ್ಮ ಬೀದಿಯ ಪುಟ್ಟಾಚಾರಿಯನ್ನು ಜನ ಆ ವಾರವೆಲ್ಲ ಹಿಡಿದು ನಿಲ್ಲಿಸಿ, "ಏನ್ಲಾ, ನಿಂಗೊಬ್ನಿಗೇ ರೋಡ್ ಮಾಡ್ಸವ್ರಲ್ಲಾ, ನಾವೆಲ್ಲಿ ದಾಟೋದು?" ಎಂದು ಜೀವ ತಿಂದರು. ಆ ದೀರ್ಘವನ್ನು ನಾನೇ ಏಣಿ ಹಾಕಿ ಅಳಿಸಿದೆ. ಉತ್ಸಾಹ ಎಂದರೆ ಅಂಥ ಉತ್ಸಾಹ.

ಸೋಮವಾರ ಸಾಯಂಕಾಲ ಬಂತು. ಅವ್ವನನ್ನು ದಾಟಿಸುವ ಮೊದಲು ನಾನು ದಾಟಿ ನೋಡಬೇಕಲ್ಲ. ಹೋಗುವಾಗ ಯಾವ ಗಾಡಿಯೂ ಇರಲಿಲ್ಲ, ಸಲೀಸಾಗಿ ಹೋದೆ. ಚಿಕ್ಕತಾಯಮ್ಮ ಹೆಪ್ಪು ಹಾಕಿಕೊಟ್ಟರು. ಬರುವಾಗ ನೋಡುತ್ತೇನೆ, ಮಂಡ್ಯದ ಕಡೆಯಿಂದಲೂ ಸಾಲು, ಊರೊಳಗಿನಿಂದಲೂ ಸಾಲು. ಹೆದರಲಿಲ್ಲ. ಪಟ್ಟೆಯ ತುದಿಯಲ್ಲಿ ನೆಟ್ಟಗೆ ನಿಂತೆ. ಎಡಗೈಯಲ್ಲಿ ಬಟ್ಟಲು. ಬಲಗೈಯನ್ನು ಕಾನೂನಿನ ಗಾಂಭೀರ್ಯದಿಂದ ನಿಧಾನವಾಗಿ ಮೇಲೆತ್ತಿದೆ. ಏನು ಹೇಳಲಿ! ಮದ್ದೂರಿಗೆ ಹೋಗುವ ಬಸ್ಸು ಕಿರ್ರೆಂದು ಬ್ರೇಕು ಹಾಕಿ ನನ್ನ ಮೂಗಿನ ಮುಂದೆ ನಿಂತೇಬಿಟ್ಟಿತು. ನನ್ನ ಎದೆ ಉಬ್ಬಿತು. ಕಾನೂನಿಗೆ ಎಷ್ಟು ಶಕ್ತಿ ಇದೆ ನೋಡು ಎಂದು ಅವ್ವನಿಗೆ ಕೂಗಿ ಹೇಳೋಣವೆಂದು ಬಾಯಿ ತೆರೆದೆ.

ಅಷ್ಟರಲ್ಲಿ ಬಸ್ಸಿನ ಬಾಗಿಲಿನಿಂದ ಒಂದು ಕೈ ಬಂದು ನನ್ನ ತೋಳು ಹಿಡಿಯಿತು. ಕಂಡಕ್ಟರ್ ಜವರ. "ಬನ್ನಿ ಸಾ, ಬನ್ನಿ, ಒಳಿಕ್ ಬನ್ನಿ, ಸೀಟ್ ಅವೆ. ರೈಟ್ ರೈಟ್!"

ನಮ್ಮ ಕಡೆ ರಸ್ತೆಯ ಅಂಚಿನಲ್ಲಿ ನಿಂತು ಕೈ ಎತ್ತಿದರೆ ಒಂದೇ ಅರ್ಥ. ಹುಟ್ಟಿದಾಗಿನಿಂದ ನಾನೂ ಆ ಅರ್ಥದಲ್ಲೇ ಕೈ ಎತ್ತಿದವನು. ಪುಸ್ತಕ ಓದುವ ಭರದಲ್ಲಿ ಅದು ಮರೆತೇಹೋಗಿತ್ತು. ಹೆಪ್ಪು ಚೆಲ್ಲದಂತೆ ಬಟ್ಟಲನ್ನು ಎದೆಗೆ ಅವುಚಿಕೊಂಡು ಬಸ್ಸಿನೊಳಗೆ ನಿಂತಿದ್ದೆ. ಕಿಟಕಿಯಲ್ಲಿ ನಮ್ಮ ಮನೆಯ ಜಗಲಿ ಹಿಂದಕ್ಕೆ ಹೋಗುತ್ತಿತ್ತು, ಅದರ ಮೇಲೆ ಅವ್ವ ಎದ್ದು ನಿಂತಿದ್ದಳು. ಒಂದು ಕೂಗು ಹಾಕಿ ಇಳಿದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ನಾನು ವಕೀಲ, ಇಳಿಯುವ ಮೊದಲು ನನ್ನ ಹಕ್ಕನ್ನು ವಿವರಿಸಬೇಡವೆ? "ನೋಡಪ್ಪಾ, ನಾನು ಪ್ರಯಾಣಿಕನಲ್ಲ, ಪಾದಚಾರಿ" ಎಂದು ಶುರು ಮಾಡಿದೆ. ಜವರ, "ಬಸ್ ಅತ್ತುದ್ ಮ್ಯಾಲೆ ಎಂಗ್ ಸಾ ಪಾದಚಾರಿ?" ಎಂದ. ಮುಂದಿನ ಸೀಟಿನವರೊಬ್ಬರು ಅವನ ಪಕ್ಷ ವಹಿಸಿದರು. ಹಿಂದಿನ ಸೀಟಿನ ಹೆಂಗಸೊಬ್ಬರು, "ಸರ್ಯಾಗೇಳ್ತಾವ್ರೆ ಲಾಯರಪ್ನೋರು, ನಮ್ಮೂರ್ ಸ್ಕೂಲ್ ಮುಂದ್ಗಡೇನೂ ಇಂಗೇ ನುಗ್ತಾರೆ ಮೂದೇವಿಗಳು" ಎಂದು ನನ್ನ ಪಕ್ಷಕ್ಕೆ ಬಂದರು. ಸೋಮನಹಳ್ಳಿಯ ಕಾರ್ಖಾನೆಗೆ ರಾತ್ರಿ ಪಾಳಿಗೆ ಹೊರಟಿದ್ದವರೊಬ್ಬರು ಹೆದ್ದಾರಿ ದಾಟುವ ತಮ್ಮ ಪಾಡು ಹೇಳಿಕೊಂಡರು. ಇಡೀ ಬಸ್ಸು ಎರಡು ಪಂಗಡವಾಯಿತು. ಕೋರ್ಟಿನಲ್ಲಿ ನನ್ನ ವಾದವನ್ನು ಇಷ್ಟು ಜನ ಇಷ್ಟು ಗಮನವಿಟ್ಟು ಯಾವತ್ತೂ ಕೇಳಿರಲಿಲ್ಲ. ನಾನು ಬದುಕುವ ಹಕ್ಕಿನವರೆಗೆ ಬಂದು, ಕೈ ಬೀಸಿ, ಕೊನೆಯ ಮಾತನ್ನು ಮುಗಿಸಿ ಸುತ್ತ ನೋಡಿದಾಗ ಎಲ್ಲರೂ ಗಂಟುಮೂಟೆ ಎತ್ತಿಕೊಳ್ಳುತ್ತಿದ್ದರು. ಮದ್ದೂರು ಬಂದಿತ್ತು.

ಬಟ್ಟಲು ಹಿಡಿದುಕೊಂಡೇ ವಾಪಸು ಬಸ್ಸು ಹತ್ತಿ ಬಂದೆ. ಮನೆಯಲ್ಲಿ ದೀಪ ಹಚ್ಚಿ ಬಹಳ ಹೊತ್ತಾಗಿತ್ತು. ನನ್ನ ಹೆಂಡತಿ ನಗು ತಡೆಯಲಾರದೆ ಒಳಗೆ ಹೋದಳು. ಅವ್ವ ಬಟ್ಟಲನ್ನು ಮುಟ್ಟಲಿಲ್ಲ. "ದೀಪ ಅಚ್ಚುದ್ ಮ್ಯಾಲೆ ಬಂದಿರೋ ಎಪ್ಪು ಅದು" ಎಂದಳು. ಕೊಟ್ಟದ್ದು ದೀಪ ಹಚ್ಚುವ ಮೊದಲೇ, ಕೊಟ್ಟ ಕ್ಷಣದಲ್ಲೇ ಅದು ನಮ್ಮ ಸ್ವತ್ತಾಯಿತು, ತಲುಪಿದ ಹೊತ್ತು ಮುಖ್ಯವಲ್ಲ ಎಂದು ನಾನು ಸ್ವತ್ತಿನ ಹಸ್ತಾಂತರದ ನಿಯಮವನ್ನೆಲ್ಲ ಬಿಡಿಸಿ ಹೇಳಿದೆ. ಅವ್ವ ಶಾಂತವಾಗಿ ಕೇಳಿದಳು. ಆಮೇಲೆ ಹೇಳಿದಳು: "ಮದ್ದೂರ್ಗಂಟ ಓಗಿದ್ದೀಯ, ಒಂದ್ ವಡೆನಾದ್ರೂ ತರ್ಬೇಡ್ವಾ?" ಮೇಲ್ಮನವಿಗೆ ಅವಕಾಶವಿರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ನನ್ನನ್ನು ಹತ್ತಿಸಿಕೊಂಡ ಜಾಗ ಜವರನಿಗೆ ಬಹಳ ಹಿಡಿಸಿಬಿಟ್ಟಿತ್ತು. ದೂರದಿಂದ ಕಾಣುತ್ತದೆ, ಗುರುತು ಹೇಳಲು ಸುಲಭ. ಆ ವಾರ ಮುಗಿಯುವಷ್ಟರಲ್ಲಿ ಎಲ್ಲ ಬಸ್ಸಿನವರೂ ಅಲ್ಲೇ ನಿಲ್ಲಿಸತೊಡಗಿದರು. "ಪಟ್ಟೆ ಸ್ಟಾಪ್, ಪಟ್ಟೆ ಸ್ಟಾಪ್, ಇಳ್ಕಳಿ ಬೇಗ ಬೇಗ" ಎಂಬ ಕೂಗು ಬೆಳಗಿನ ಜಾವದಿಂದ ನಮ್ಮ ಮನೆಯೊಳಗೆ ಕೇಳಿಸುತ್ತಿತ್ತು. ನಮ್ಮ ವಿಳಾಸ ಕೇಳಿದವರಿಗೆ ಜನ ಪಟ್ಟೆ ಸ್ಟಾಪ್ ಲಾಯರ ಮನೆ ಎನ್ನತೊಡಗಿದರು. ದಾಟಲೆಂದು ಬರೆದ ಜಾಗದಲ್ಲಿ ಜನ ಮೂಟೆ, ಕೋಳಿ, ಹಾಲಿನ ಕ್ಯಾನು ಇಟ್ಟುಕೊಂಡು ಕಾಯುತ್ತಿದ್ದರು. ಅವ್ವನಿಗೆ ಈಗ ಚಿಕ್ಕತಾಯಮ್ಮನ ಜಗಲಿಯೂ ಕಾಣುತ್ತಿರಲಿಲ್ಲ, ನಡುವೆ ಯಾವಾಗಲೂ ಒಂದು ಬಸ್ಸು. ಕೈ ಬೀಸುವುದೂ ನಿಂತುಹೋಯಿತು. ಅವಳು ನನ್ನನ್ನು ಬೈಯಲಿಲ್ಲ. ಜಗಲಿ ಬಿಟ್ಟು ಒಳಗೆ ಕುಳಿತುಕೊಂಡಳು. ಅದನ್ನು ನೋಡಿ ನನ್ನ ಮೇಲೆ ನನಗೇ ಸಿಟ್ಟು ಬಂತು.

ಮಂಗಳಮ್ಮನವರನ್ನು ಕರೆದುಕೊಂಡು ಮತ್ತೆ ಪುರಸಭೆಗೆ ಹೋದೆ. ಈ ಸಲ ಬಸ್ಸಿನವರನ್ನೂ ಕರೆಸಿದ್ದರು. ಜವರ ಎದ್ದು ನಿಂತು, "ಸಾ, ಕೈ ಎತ್ತುದ್ರೆ ನಿಲ್ಸ್‌ಬೇಕು ಅಂತಾನೂ ನೀವೇ ಏಳ್ತೀರಿ, ನಿಲ್ಸುದ್ರೆ ಅತ್ತಿಸ್ಕೋಬ್ಯಾಡ ಅಂತಾನೂ ನೀವೇ ಏಳ್ತೀರಿ. ದಾಟೋರ್ ಕೈ ಯಾವ್ದು, ಅತ್ತೋರ್ ಕೈ ಯಾವ್ದು ಅಂತ ನಾವೆಂಗ್ ಕಂಡ್ಕಳದು?" ಎಂದ. ಒಬ್ಬರು ದಾಟುವವರು ಎಡಗೈ ಎತ್ತಲಿ ಎಂದರು. ಇನ್ನೊಬ್ಬರು ಎರಡೂ ಕೈ ಎತ್ತಲಿ ಎಂದರು. ಎರಡೂ ಕೈ ಎತ್ತಿದರೆ ಪೊಲೀಸಿನವರು ಹಿಡಿದುಕೊಂಡಂತೆ ಕಾಣುತ್ತದೆ ಎಂದು ಮೂರನೆಯವರು ತಗಾದೆ ತೆಗೆದರು. ಆಗ ನನಗೆ ನನ್ನ ಹಳೆಯ ಹೊಲದ ಕೇಸುಗಳು ನೆನಪಾದವು. ದಾರಿಯ ಹಕ್ಕು ಇರುವುದು ಮನುಷ್ಯನ ಕೈಯಲ್ಲಿ ಅಲ್ಲ, ಜಾಗದಲ್ಲಿ! ಎದ್ದು ನಿಂತು ಹೇಳಿದೆ: ಪಟ್ಟೆಯ ಮೇಲೆ ನಿಂತವನು ಯಾವ ಕೈ ಎತ್ತಿದರೂ ದಾಟುವವನೇ. ಹತ್ತುವವನು ಅಲ್ಲಿಂದ ಮುಂದೆ ಹೊಂಗೆ ಮರದ ಕೆಳಗೆ ನಿಲ್ಲಲಿ. ಪಟ್ಟೆಯಲ್ಲಿ ಬಸ್ಸು ಜನರನ್ನು ಹತ್ತಿಸಿದರೂ ತಪ್ಪು, ಇಳಿಸಿದರೂ ತಪ್ಪು. ಸಭೆ ಒಪ್ಪಿತು! ಠರಾವಾಯಿತು! ಮರದ ಕೆಳಗೆ ನಿಲ್ದಾಣದ ಬೋರ್ಡು ಬಂತು, ಕೆಲವು ದಿನ ಪೊಲೀಸಿನವರೊಬ್ಬರು ನಿಂತು ಸೀಟಿ ಊದಿದರು, ಮಾತು ಕೇಳದವರಿಗೆ ದಂಡವನ್ನೂ ಹಾಕಿದರು. ಎತ್ತಿನ ಗಾಡಿಯ ಕೇಸು ಊರಿನ ರಸ್ತೆಗೆ ಉಪಯೋಗಕ್ಕೆ ಬಂತಲ್ಲ ಎಂದು ನಾನು ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದೆ.

ಅವ್ವ ದಾಟಿದ ದಿನ ನನಗೆ ಕೋರ್ಟಿನಲ್ಲಿ ದೊಡ್ಡ ಕೇಸಿನ ತೀರ್ಪಿನ ದಿನ ಇದ್ದ ಹಾಗಿತ್ತು. ಅವಳು ಹಸಿರು ಅಂಚಿನ ಸೀರೆ ಉಟ್ಟು, ಎಲೆ ಅಡಿಕೆಯ ಚೀಲ ಸೊಂಟಕ್ಕೆ ಸಿಕ್ಕಿಸಿ, ಬಟ್ಟಲು ಹಿಡಿದು ಹೊರಟಳು. ನಾನು ಕೈ ಹಿಡಿಯಲು ಹೋದರೆ, "ಬುಡು, ನಾನೇನು ಮಗೀನಾ?" ಎಂದು ಕೊಡವಿಕೊಂಡಳು. ಪಟ್ಟೆಯ ತುದಿಯಲ್ಲಿ ನಿಂತು ಕೈ ಎತ್ತಿದಳು. ಬರುತ್ತಿದ್ದದ್ದು ಜವರನ ಬಸ್ಸೇ. ಬಸ್ಸು ಪಟ್ಟೆಗಿಂತ ಹಿಂದೆಯೇ ನಿಂತಿತು. ಜವರ ಬಾಗಿಲಿಗೆ ಜೋತುಬಿದ್ದು ಹಿಂದಿನ ಟ್ರ್ಯಾಕ್ಟರಿನವನಿಗೆ, "ಲೇ, ಆರ್ನ್ ಒಡೀಬ್ಯಾಡ ಕಣ್ಲಾ, ಅಮ್ಮೋರು ದಾಟ್ತಾವ್ರೆ ಕಾಣಕಿಲ್ವಾ?" ಎಂದು ಗದರಿದ. ಎದುರಿನಿಂದ ಬಂದ ಶಾಲೆಯ ವ್ಯಾನೂ ನಿಂತಿತು. ಇಡೀ ಮದ್ದೂರು ರಸ್ತೆ ನಮ್ಮವ್ವನಿಗೆ ನಿಂತಿತು!

ಅವಳಿಗೇನೂ ಅವಸರವಿರಲಿಲ್ಲ. ಬಿಳಿ ಗೆರೆಯನ್ನು ರಂಗೋಲಿ ಎಂದುಕೊಂಡಳೋ ಏನೋ, ಒಂದನ್ನೂ ತುಳಿಯದೆ ನಡುನಡುವಿನ ಕಪ್ಪಿನ ಮೇಲೆ ಹೆಜ್ಜೆ ಇಡುತ್ತ ಹೋದಳು. ರಸ್ತೆಯ ನಡುಮಧ್ಯೆ ನಿಂತು, ಬಸ್ಸಿನ ಕಿಟಕಿಯಲ್ಲಿ ಗುರುತಿನವರೊಬ್ಬರು ಕಂಡರೆಂದು, "ನಿನ್ ಸೊಸೆಗೆ ಎರ್ಗೆ ಆಯ್ತೇನವ್ವ?" ಎಂದು ವಿಚಾರಿಸಿದಳು. ಹೆಣ್ಣುಮಗು ಎಂಬ ಉತ್ತರ ಬಂದ ಮೇಲೆಯೇ ಮುಂದೆ ಹೋದದ್ದು. ಜಗಲಿಯ ಮೇಲೆ ಚಿಕ್ಕತಾಯಮ್ಮ ಕಂಬ ಹಿಡಿದು ಎದ್ದು ನಿಂತಿದ್ದರು. ಇಬ್ಬರೂ ಒಬ್ಬರ ಮುಖ ಒಬ್ಬರು ಮುಟ್ಟಿ ನೋಡಿಕೊಂಡರು. ಅವ್ವ ಕುಳಿತಳು. ಚೀಲ ಬಿಚ್ಚಿದಳು. ಅಡಿಕೆ ಬಾಯಿಗೆ ಹಾಕುವ ಮೊದಲೇ ಇಬ್ಬರೂ ಒಟ್ಟಿಗೆ ಮಾತಾಡತೊಡಗಿದ್ದರು. ನನ್ನ ಕಣ್ಣು ತುಂಬಿ ಬಂತು, ಸುಳ್ಳು ಹೇಳಲಾರೆ. ದೀಪ ಹಚ್ಚುವ ಹೊತ್ತು ಮೀರಿದ ಮೇಲೆ ಅವ್ವ ಖಾಲಿ ಬಟ್ಟಲು ಹಿಡಿದು ವಾಪಸು ಬಂದಳು. ಹೆಪ್ಪೆಲ್ಲಿ ಎಂದರೆ, "ಅಯ್ಯೋ, ಮಾತಲ್ಲಿ ಮರ್ತೇ ಓಯ್ತು ಕಣಪ್ಪ" ಎಂದಳು.

ಈಗ ಅವಳು ದಿನಾ ಹೋಗುತ್ತಾಳೆ. ಸಾಯಂಕಾಲ ಸಾಲದೆಂದು ಬೆಳಿಗ್ಗೆಯೂ ಹೋಗುತ್ತಾಳೆ. ನಾನು ಮಂಡ್ಯದಲ್ಲಿ, ಮದ್ದೂರಿನಲ್ಲಿ ವಕೀಲ ಮಿತ್ರರನ್ನು ಹಿಡಿದು ಕೂರಿಸಿ, ಒಂದು ಸಣ್ಣ ಠರಾವು ಊರಿನ ಬುದ್ಧಿಯನ್ನೇ ಹೇಗೆ ತಿದ್ದಿತು ಎಂದು ವಿವರಿಸುತ್ತೇನೆ. ಮೊನ್ನೆ ಬೆಳಿಗ್ಗೆಯೂ ಅಂಥದ್ದೇ ಒಂದು ಭಾಷಣವನ್ನು ತಲೆಯಲ್ಲಿ ಜೋಡಿಸಿಕೊಂಡು, ಪೆಟ್ರೋಲು ಹಾಕಿಸಿ, ಸ್ಕೂಟರಿನಲ್ಲಿ ಮನೆ ಕಡೆಗೆ ಬರುತ್ತಿದ್ದೆ. ರಸ್ತೆಯ ಅಂಚಿನಲ್ಲಿ ಯಾರೋ ಕೈ ಎತ್ತಿದರು. ನಾನು ದೊಡ್ಡ ಮನಸ್ಸಿನವನು, ಕೈ ಎತ್ತಿದವರನ್ನು ಬಿಟ್ಟು ಹೋಗುವವನಲ್ಲ. ಗಾಡಿಯನ್ನು ಸೀದಾ ಅವರ ಕಾಲ ಬಳಿಗೆ ತಂದು ನಿಲ್ಲಿಸಿ, ಹಿಂದಿನ ಸೀಟನ್ನು ಕೈಯಿಂದ ಒರೆಸಿ, ಮುಖವನ್ನೂ ನೋಡದೆ, "ಬನ್ನಿ ಬನ್ನಿ, ಹತ್ತಿ, ಎಲ್ಲಿಗೆ ಹೋಗಬೇಕು?" ಎಂದೆ.

"ಎದುರ್ ಮನೆಗೆ" ಎಂದಳು ಅವ್ವ. ಕೆಳಗೆ ನೋಡಿದೆ. ನನ್ನ ಎರಡು ಚಕ್ರಗಳೂ ಬಿಳಿ ಪಟ್ಟೆಯ ಮೇಲಿದ್ದವು. ಹಿಂದೆ ಪಟ್ಟೆಗೆ ಮೊದಲೇ ನಿಂತಿದ್ದ ಬಸ್ಸಿನ ಬಾಗಿಲಿನಿಂದ ಜವರ ತಲೆ ಹಾಕಿ, ನನಗಲ್ಲ, ಅವ್ವನಿಗೆ ಸಮಾಧಾನ ಹೇಳಿದ: "ಬೇಜಾರ್ ಮಾಡ್ಕಬ್ಯಾಡಿ ಅಮ್ಮೋರೆ, ಇವ್ರಿಗಿನ್ನೂ ಕಾನೂನು ಗೊತ್ತಿಲ್ಲ ಅಂತ ಕಾಣ್ತದೆ."